ಗೋಡೆ ಕೇಳಿದ ಅರ್ಜಿ

ನಾನು ಓದಿದ್ದು ಹೈಸ್ಕೂಲಿನ ತನಕ. ಅರಬಿ ಕಲಿತದ್ದು ದೋಹಾದಲ್ಲಿ, ಕಟ್ಟಡ ಕೆಲಸದ ಕಂಪನಿಯೊಂದರ ಆಫೀಸಿನಲ್ಲಿ ಟೈಪ್ ಮಾಡುತ್ತಾ. ಮೊದಲು ಅಕ್ಷರಗಳ ಆಕಾರ ನೋಡಿಕೊಂಡು ಕೀಲಿ ಒತ್ತುತ್ತಿದ್ದೆ, ಅರ್ಥ ಆಮೇಲೆ ಬಂತು. ಈ ಒಂದು ವಿದ್ಯೆಯಿಂದ ಮದೀನತ್ ಖಲೀಫಾ ಬಡಾವಣೆಯ ನಮ್ಮ ಕಟ್ಟಡದಲ್ಲಿ ನನಗೆ ಗೌರವವಿತ್ತು. ಯಾರಿಗೆ ಸರಕಾರಿ ಕಾಗದ ಬಂದರೂ ನನ್ನ ಬಾಗಿಲು ತಟ್ಟುತ್ತಿದ್ದರು. ಆ ಗೌರವವನ್ನು ನಾನು ಹೇಗೆ ಬಳಸಿದೆ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಕಟ್ಟಡದ ಎದುರಿಗೆ ಒಂದು ಸಣ್ಣ ಪಾರ್ಕಿದೆ. ಅದರ ಹಿಂದಿನ ಮೂಲೆಯಲ್ಲಿ ಸಾಲಾಗಿ ನಾಲ್ಕು ಸಿದ್ರ್ ಮರಗಳು, ನಮ್ಮ ಕಡೆಯ ಬಾರಿಹಣ್ಣಿನ ಜಾತಿಯವು. ಅವುಗಳ ಕೆಳಗೆ ಮಟ್ಟಸವಾದ ಹಾದಿ. ಪಾರ್ಕಿನಲ್ಲಿ ನೆರಳೂ ಸಮತಟ್ಟೂ ಎರಡೂ ಇದ್ದ ಜಾಗ ಅದೊಂದೇ.

ನನ್ನ ಮಹಡಿಯಲ್ಲೇ ಮಂಗಳೂರು ಕಡೆಯ ತುಳು ಮಾತಾಡುವ ದಂಪತಿ ಇದ್ದರು. ಗಂಡ ಟೈರ್ ಗೋದಾಮಿನಲ್ಲಿ ಸ್ಟೋರ್ ಕೀಪರ್. ಅವರ ಹೆಂಡತಿಗೆ ಪಾರ್ಶ್ವವಾಯು ಬಡಿದು ಬಲಗಡೆ ಸೋತಿತ್ತು. ದಿನಾ ನಡೆಯಬೇಕು, ನಿಲ್ಲಿಸಿದರೆ ಕಾಲು ಮತ್ತೆ ಬಿಗಿಯುತ್ತದೆ ಎಂದು ಡಾಕ್ಟರು ಹೇಳಿದ್ದರು. ಆಕೆ ವಾಕರ್ ಹಿಡಿದು ಮೊದಲು ಒಂದು ಮರದಿಂದ ಇನ್ನೊಂದಕ್ಕೆ ಹೋದರು. ಚಳಿಗಾಲ ಮುಗಿಯುವ ಹೊತ್ತಿಗೆ ನಾಲ್ಕನೇ ಮರ ಮುಟ್ಟುತ್ತಿದ್ದರು. ಬೆಂಚಿನಲ್ಲಿ ಕೂತ ನನ್ನ ಕಡೆ ನೋಡಿ, "ಇವತ್ತು ನಾಲ್ಕು ಸ್ಟೇಷನ್ ಆಯ್ತು, ಟಿಕೆಟ್ ಕೊಡಿ" ಎನ್ನುತ್ತಿದ್ದರು.

ಆ ಮೂಲೆಯಲ್ಲೇ ಒಂದು ದಿನ ಸುಣ್ಣದಲ್ಲಿ ಚೌಕ ಗುರುತು ಬಿತ್ತು. ಹಿಂದಿನ ರಸ್ತೆಯಲ್ಲಿ ಎದ್ದಿದ್ದ ಹೊಸ ವಾಣಿಜ್ಯ ಕಟ್ಟಡದ ತಂಪು ಯಂತ್ರಗಳನ್ನೂ ಜನರೇಟರನ್ನೂ ಅಲ್ಲಿ ಕೂರಿಸುತ್ತಾರೆ ಎಂದು ತಿಳಿಯಿತು. ಬಾಡಿಗೆದಾರರೆಲ್ಲ ಪಾರ್ಕಿನಲ್ಲಿ ಸೇರಿದರು. ಯಂತ್ರ ಬೇರೆ ಕಡೆ ಹೋಗಲಿ ಎಂದು ಬಲದಿಯಾಕ್ಕೆ, ಅಂದರೆ ಇಲ್ಲಿನ ನಗರಸಭೆಗೆ, ಅರ್ಜಿ ಕೊಡುವುದೆಂದು ಮಾತಾಯಿತು. ಸಹಿಯ ಜೊತೆ ಐಡಿ ಕಾರ್ಡಿನ ಪ್ರತಿಯನ್ನೂ ಇಡಬೇಕಾದ್ದರಿಂದ ಕೆಲವರು ಹಿಂಜರಿದರು. ಸ್ಟೋರ್ ಕೀಪರೇ ಮನೆಮನೆಗೆ ಹೋಗಿ ಒಪ್ಪಿಸಿದರು.

"ಅರಬಿ ನೀವು ಬರೀರಿ ಮಾರಾಯ್ರೆ" ಎಂದರು ನನಗೆ. "ನನ್ನ ಹೆಂಡ್ತಿ ವಿಷಯ ಒಂದು ಸೇರಿಸಿ. ನಡೀಲಿಕ್ಕೆ ಬೇರೆ ಜಾಗ ಇಲ್ಲ ಅಂತ."

"ಬರೀತೀನ್ರಿ" ಎಂದೆ.

ಆ ಯಂತ್ರಗಳಿಗೆ ಕಾಂಕ್ರೀಟ್ ಅಡಿಪಾಯ ಹಾಕುವ ಗುತ್ತಿಗೆ ನನ್ನ ಕಂಪನಿಯದೇ ಆಗಿತ್ತು. ಅದನ್ನು ನಾನು ಅವರಿಗೆ ಹೇಳಲಿಲ್ಲ. ಮರುದಿನ ಆಫೀಸಿನಲ್ಲಿ ಮ್ಯಾನೇಜರಿಗೆ ಮಾತ್ರ ಅರ್ಜಿಯ ವಿಷಯ ಹೇಳಿದೆ, ಯಾರೂ ಕೇಳದೆ ಇದ್ದರೂ. ಅವರು ಚಹಾ ಕುಡಿಯುತ್ತಾ ಹಿಂದಿಯಲ್ಲಿ ಅಂದದ್ದು ಇಷ್ಟು: "ಗೋಡೆ ಕೇಳ್ಲಿ, ಕಟ್ಟಿಸಿ ಕೊಡೋಣ. ಜಾಗ ಬದಲಾಯ್ಸಿ ಅಂದ್ರೆ ನಮ್ಮ ಕೆಲಸ ಖಲಾಸ್. ಅಂದ ಹಾಗೆ ಚಾಚಾ, ನಿನ್ನ ಪರ್ಮಿಟ್ ಕಾಗದಕ್ಕೆ ಈ ತಿಂಗಳು ಸಹಿ ಆಗ್ಬೇಕಲ್ಲ?"

ನನಗೆ ಅರವತ್ತು ದಾಟಿತ್ತು, ಕೆಲಸದ ಪರ್ಮಿಟ್ ನವೀಕರಣಕ್ಕೆ ಕಂಪನಿಯ ಸಹಿ ಬೇಕಿತ್ತು. ಆ ಸಹಿ ಇಲ್ಲದಿದ್ದರೆ ನಾನು ಊರಿಗೆ ಹೊರಡಬೇಕಿತ್ತು. ಮ್ಯಾನೇಜರು ಹೀಗೆ ಬರೆ ಎಂದು ಬಾಯಿಬಿಟ್ಟು ಹೇಳಲಿಲ್ಲ. ಬರೆದದ್ದು ನಾನೇ. ನಿವಾಸಿಗಳಾದ ನಾವು ಸದರಿ ಯಂತ್ರಗಳ ಸುತ್ತ ಎತ್ತರದ ಗೋಡೆಯೊಂದನ್ನು ಕಟ್ಟಿಸಿಕೊಡಬೇಕೆಂದು ವಿನಂತಿಸುತ್ತೇವೆ ಎಂದು ಟೈಪ್ ಮಾಡಿದೆ. ಜಾಗದ ಬಗ್ಗೆ ಒಂದು ಪದವೂ ಇರಲಿಲ್ಲ. ನಮ್ಮ ಗುಂಪಿನಲ್ಲಿ ಅರಬಿ ಓದಬಲ್ಲವರು ಯಾರೂ ಇರಲಿಲ್ಲ ಎಂಬುದು ನನಗೆ ಗೊತ್ತಿತ್ತು.

ಸಹಿಗೆಂದು ಸ್ಟೋರ್ ಕೀಪರರ ಮನೆಗೆ ಹೋದಾಗ ಹೆಂಡತಿ ಹಾಳೆಯನ್ನು ತಿರುಗಿಸಿ ನೋಡಿದರು. "ಇರುವೆಗಳು ದಿಬ್ಬಣ ಹೊರಟ ಹಾಗುಂಟಲ್ಲ! ಇದ್ರಲ್ಲಿ ನಾನು ಎಲ್ಲಿದ್ದೇನೆ?"

ನಾನು ಮೂರನೇ ಸಾಲಿನ ಮೇಲೆ ಬೆರಳಿಟ್ಟೆ. ಅಲ್ಲಿ ಅಧಿಕಾರಿಗಳ ಸಹಕಾರಕ್ಕೆ ಧನ್ಯವಾದ ಎಂದಿತ್ತು.

"ಇಷ್ಟೇಯಾ? ಇಷ್ಟು ದೊಡ್ಡ ಕಾಲಿಗೆ ಇಷ್ಟೇ ಸಾಲಾ?" ಎಂದು ನಕ್ಕು, ಎಡಗೈಯಲ್ಲಿ ನಿಧಾನವಾಗಿ ಸಹಿ ಹಾಕಿದರು. ಗಂಡ ಹಾಳೆ ಜಾರದಂತೆ ಹಿಡಿದುಕೊಂಡಿದ್ದರು.

ಅರ್ಜಿ ಮಂಜೂರಾಯಿತು. ಯಂತ್ರಗಳು ಬಂದವು, ಸುತ್ತ ಗೋಡೆಯೂ ಬಂತು. ಎರಡು ಮರ ಗೋಡೆಯೊಳಗೆ ಹೋದವು. ಹಾದಿ ಮಧ್ಯದಲ್ಲೇ ತುಂಡಾಯಿತು. ಉಳಿದ ಎರಡು ಮರಗಳ ಕೆಳಗೆ ಸದಾ ಬಿಸಿಗಾಳಿ ಬೀಸುತ್ತಿತ್ತು. ಆಕೆ ಒಂದು ವಾರ ಬಂದು ನೋಡಿ ಬಿಟ್ಟುಬಿಟ್ಟರು. ಗೋಡೆಯಾದರೂ ಬಂತಲ್ಲ, ಎಲ್ಲ ನಿಮ್ಮಿಂದ ಎಂದು ಬಾಡಿಗೆದಾರರು ನನ್ನ ಕೈ ಕುಲುಕಿದರು. ನಾನು ಕುಲುಕಿಸಿಕೊಂಡೆ. ನನ್ನ ಪರ್ಮಿಟ್ ಆ ಹೊತ್ತಿಗೆ ಆಗಿತ್ತು.

ಬೇಸಿಗೆ ಕಳೆದ ಮೇಲೆ ಸ್ಟೋರ್ ಕೀಪರು ಇನ್ನೊಂದು ಅರ್ಜಿ ಕೊಡಲು ಹೊರಟರು. ಹೆಂಡತಿಯ ಕಾಲು ಮತ್ತೆ ಬಿಗಿಯುತ್ತಿತ್ತು. ವಯಸ್ಸಾದ ನನಗೆ ಮತ್ತೆ ತೊಂದರೆ ಯಾಕೆ ಎಂದುಕೊಂಡು, ಹಳೇ ಅರ್ಜಿಯ ಪ್ರತಿ ಹಿಡಿದು ನಜ್ಮಾ ಬಡಾವಣೆಯ ಟೈಪಿಂಗ್ ಅಂಗಡಿಗೆ ಹೋದರಂತೆ. ಅಲ್ಲಿದ್ದ ಮಲಯಾಳಿ ಓದಿ ನೋಡಿ, ನೀವು ಕೇಳಿದ ಗೋಡೆ ಕಟ್ಟಿದ್ದಾರಲ್ಲ, ಮತ್ತೇನು ದೂರು ಎಂದನಂತೆ.

ಅವರು ನೇರ ನನ್ನ ಮನೆಗೆ ಬಂದರು. ಕೂರಲಿಲ್ಲ. ಪ್ರತಿಯನ್ನು ಮೇಜಿನ ಮೇಲಿಟ್ಟು, "ಅವಳ ವಿಷಯ ಎಲ್ಲುಂಟು, ತೋರ್ಸಿ" ಎಂದರು.

"ಇಲ್ರೀ" ಎಂದೆ.

"ಅವತ್ತು ಬೆರಳಿಟ್ಟದ್ದು?"

ಕಂಪನಿ, ಮ್ಯಾನೇಜರು, ಪರ್ಮಿಟ್ ಎಲ್ಲ ಹೇಳಿದೆ. "ಸುರುವಿಗೇ ಆಗೂದಿಲ್ಲ ಅಂತ ಹೇಳಿದ್ರೆ ಬೇರೆ ಯಾರ ಹತ್ರ ಆದ್ರೂ ಬರೆಸ್ತಿದ್ದೆ. ನಿಮ್ಮ ಪರ್ಮಿಟ್ಟಿಗೆ ಎಂತ ಆಗ್ತಿತ್ತು?" ಎಂದರು. ಇದು ನನಗೆ ಆವರೆಗೆ ಹೊಳೆದಿರಲಿಲ್ಲ. ಇಲ್ಲ ಎನ್ನಲಾರದೆ ನಾನು ಅವರೆಲ್ಲರ ಸಹಿ ತೆಗೆದುಕೊಂಡಿದ್ದೆ. ಅವರು ಪ್ರತಿಯನ್ನು ಮಡಚಿ ಜೇಬಿಗೆ ಹಾಕಿಕೊಂಡು ಹೋದರು.

ಆ ವಾರವೇ ನಾನು ನನ್ನೊಬ್ಬನ ಹೆಸರಿನಲ್ಲಿ, ನಡೆದದ್ದನ್ನೆಲ್ಲ ಒಪ್ಪಿಕೊಂಡು ಇನ್ನೊಂದು ಅರ್ಜಿ ಬರೆದೆ. ಆಕೆಯ ಕಾಲಿನ ಬಗ್ಗೆ ಒಂದು ಪುಟ ಬರೆದೆ. ಉತ್ತರ ಬಂತು: ನಿವಾಸಿಗಳ ಸಾಮೂಹಿಕ ಕೋರಿಕೆಯಂತೆ ಗೋಡೆ ನಿರ್ಮಿಸಲಾಗಿದೆ, ಕಡತ ಮುಚ್ಚಲಾಗಿದೆ. ಉತ್ತರವನ್ನು ಅವರ ಬಾಗಿಲಡಿಯಲ್ಲಿ ತೂರಿಸಿದೆ. ಅರಬಿಯಲ್ಲಿತ್ತು. ಕೆಳಗೆ ಕನ್ನಡದಲ್ಲಿ ಅರ್ಥ ಬರೆದಿದ್ದೆ. ಅವರು ಅದನ್ನು ನಂಬಿದರೋ ಇಲ್ಲವೋ ಗೊತ್ತಿಲ್ಲ.

ಮ್ಯಾನೇಜರಿಗೂ ವಿಷಯ ತಿಳಿಯಿತು. ನನ್ನ ಪರ್ಮಿಟ್ ಇನ್ನು ನವೀಕರಣ ಆಗುವುದಿಲ್ಲ, ಅದರ ಅವಧಿ ಮುಗಿಯುವ ಮುಂದಿನ ತಿಂಗಳು ಹೊರಡುತ್ತೇನೆ. ಈಗ ಆಕೆ ಸಂಜೆ ನಮ್ಮ ಮಹಡಿಯ ಕಾರಿಡಾರಿನಲ್ಲಿ ನಡೆಯುತ್ತಾರೆ. ಲಿಫ್ಟಿನಿಂದ ನನ್ನ ಬಾಗಿಲ ತನಕ ಎಂಟು ಬಾಗಿಲು. ವಾಕರಿನ ಸದ್ದು ಐದನೇ ಬಾಗಿಲ ತನಕ ಬಂದು ತಿರುಗುತ್ತದೆ. ಆಕೆಗೆ ಅಷ್ಟೇ ಆಗುತ್ತದೋ, ನನ್ನ ಬಾಗಿಲ ತನಕ ಬರುವುದು ಬೇಡವೋ, ನಾನು ಕೇಳಿಲ್ಲ.