ಎದುರು ಮನೆಯ ಬಾಗಿಲ ಕೀಲಿ

ಚಿನ್ನೂ, ಪಿಂಟ್ಯಾ, ನಿಮ್ಮ ಅಜ್ಜಿಗೆ ಕೀಲಿಕೈ ಇಲ್ಲದೆ ಕೀಲಿ ತೆಗೆಯಲು ಬರುತ್ತದೆ. ನೀವು ಮರಾಠಿಯಲ್ಲಿ ಕುಲೂಪ ಅನ್ನುತ್ತೀರಲ್ಲ, ಆ ಬೀಗವನ್ನೇ ನಮ್ಮೂರಲ್ಲಿ ಕೀಲಿ ಅನ್ನುತ್ತಾರೆ. ಇದನ್ನು ನಿಮ್ಮ ಮುಂದೆ ಕೂತು ಹೇಳಲು ನನ್ನಿಂದ ಆಗುವುದಿಲ್ಲ. ನಾಲ್ಕು ಜನ ಇದ್ದಲ್ಲಿ ಕುಡಿಯಲು ನೀರು ಕೇಳುವುದಕ್ಕೂ ನಾಚುವವಳು ನಾನು. ಹಳ್ಳಿಯ ಶಾಲೆಯಲ್ಲಿ ಕಲಿತ ಅಕ್ಷರ ಇನ್ನೂ ಮರೆತಿಲ್ಲ, ಆದ್ದರಿಂದ ಬರೆಯುತ್ತಿದ್ದೇನೆ. ನಿಮಗೆ ಓದಲು ತೊಡಕಾದರೆ ಅಪ್ಪನಿಂದ ಓದಿಸಿಕೊಳ್ಳಿ. ಅವನಿಗೂ ಇದರಲ್ಲಿ ಅರ್ಧ ಮಾತ್ರ ಗೊತ್ತು.

ನಿಮ್ಮ ಅಜ್ಜ ಕೀಲಿಕೈ ಕಳೆಯುವುದರಲ್ಲಿ ಹೆಸರಾದವರು. ಟ್ರಂಕಿನದು, ಸೈಕಲ್ಲಿನದು, ಆಫೀಸಿನ ಕಪಾಟಿನದು, ಯಾವುದೂ ಅವರ ಕಿಸೆಯಲ್ಲಿ ಉಳಿಯುತ್ತಿರಲಿಲ್ಲ. ಕೊಂಡಿ ಮುರಿಸಿ ಹೊಸ ಕೀಲಿ ತರುವರು, ಹಳೆಯದನ್ನು ಮಾತ್ರ ಬಿಸಾಡಗೊಡುತ್ತಿರಲಿಲ್ಲ. "ಇರಲಿ ಬಿಡು, ಕೀಲಿಕೈ ಎಲ್ಲಿ ಹೋಗ್ತದ, ಸಿಗ್ತದ" ಎಂದು ಒಂದು ಎಣ್ಣೆ ಡಬ್ಬಿಯಲ್ಲಿ ಹಾಕಿಡುವರು. ಅವರು ತೀರಿಕೊಂಡ ಮೇಲೆ ಧನಕವಡಿಯ ಈ ಮನೆಯಲ್ಲಿ ಉಳಿದದ್ದು ನಾನು ಮತ್ತು ನಿಮ್ಮಪ್ಪ. ಅವನಿಗೆ ಆಗ ನಿಗಡಿಯ ಕಡೆ ಹೊಸ ನೌಕರಿ. ಎರಡು ಬಸ್ಸು ಹಿಡಿದು ಹೋಗಿ ಬರುವುದರಲ್ಲೇ ದಿನ ಮುಗಿಯುತ್ತಿತ್ತು. ಮಧ್ಯಾಹ್ನವೆಲ್ಲ ನಾನೊಬ್ಬಳೇ.

ಗಂಡ ಸತ್ತ ಹೆಂಗಸು ಮಧ್ಯಾಹ್ನ ಏನು ಮಾಡಬೇಕೆಂದು ಯಾರೂ ಹೇಳಿಕೊಡಬೇಕಿಲ್ಲ. ಬತ್ತಿ ಹೊಸೆಯಬೇಕು. ನಾನೂ ಹೊಸೆದೆ. ದೇವರಿಗೆ ಸಾಲುವಷ್ಟಾಯಿತು, ನೆರೆಯವರ ದೇವರಿಗೆ ಸಾಲುವಷ್ಟಾಯಿತು. ಒಂದು ದಿನ ಹಳೆ ಕಬ್ಬಿಣ ಕೊಳ್ಳುವ ಭಂಗಾರದವನಿಗೆ ಕೊಡೋಣವೆಂದು ಆ ಡಬ್ಬಿಯನ್ನು ಕೆಳಗಿಳಿಸಿದೆ. ಸಣ್ಣದೊಂದು ಟ್ರಂಕಿನ ಕೀಲಿ ಕೈಗೆ ಸಿಕ್ಕಿತು. ಸುಮ್ಮನೆ ತಲೆಯ ಪಿನ್ನು ತೆಗೆದು ತೂತಿನಲ್ಲಿ ತಿರುವಿದೆ. ಟಕ್ ಎಂದು ತೆರೆದುಕೊಂಡಿತು.

ಅವರು ಹೋದ ಮೇಲೆ ಅಷ್ಟು ಸಂತೋಷ ಆಗಿರಲಿಲ್ಲ ನನಗೆ. ಮರುಗಳಿಗೆಗೆ ಎದ್ದು ಹೋಗಿ ಕಿಟಕಿ ಮುಚ್ಚಿದೆ.

ಟ್ರಂಕಿನ ಕೀಲಿಗಳಲ್ಲಿ ಏನೂ ಇಲ್ಲ, ಒಳಗಿನ ಒಂದು ಸ್ಪ್ರಿಂಗನ್ನು ದೂಡಿದರೆ ಸಾಕು. ಬಾಗಿಲಿಗೆ ಹಾಕುವ ದಪ್ಪ ಕೀಲಿ ಹಾಗಲ್ಲ. ಅದರೊಳಗೆ ಹಿತ್ತಾಳೆಯ ತೆಳು ಪಟ್ಟಿಗಳು ಒಂದರ ಮೇಲೊಂದು ಕೂತಿರುತ್ತವೆ. ಒಂದು ತಂತಿಯಿಂದ ಹಗುರಾಗಿ ತಿರುವುತ್ತ, ಇನ್ನೊಂದರಿಂದ ಒಂದೊಂದೇ ಪಟ್ಟಿಯನ್ನು ಎತ್ತಬೇಕು. ಯಾವುದು ಬಿಗಿಯಾಗಿದೆಯೋ ಅದನ್ನು ಮೊದಲು. ಬೇಕಾದಷ್ಟೇ ಎತ್ತಿದರೆ ತಿರುವುವ ತಂತಿ ಕೂದಲೆಳೆಯಷ್ಟು ಸರಿಯುತ್ತದೆ, ಹೆಚ್ಚು ಎತ್ತಿದರೆ ಮೊದಲಿನಿಂದ ಶುರು. ನನಗೆ ಮುರಿದ ಕೊಡೆಯ ಕಡ್ಡಿ ಕೆಲಸಕ್ಕೆ ಬಂತು. ಅದನ್ನು ಒಲೆಯ ಉರಿಯಲ್ಲಿ ಕಾಸಿ, ಒರಳುಕಲ್ಲಿನ ಮೇಲೆ ಬಡಿದು ಬಾಗಿಸಿಕೊಂಡೆ. ಎರಡು ಪಟ್ಟಿಯದು ತೆಗೆಯಲು ಬಂತು, ನಾಲ್ಕರದು ಬಂತು, ಆರು ಪಟ್ಟಿಯ ಕೀಲಿಯೊಂದು ಇಡೀ ಮಳೆಗಾಲ ನನ್ನನ್ನು ಆಡಿಸಿತು. ಬತ್ತಿ ಹೊಸೆದ ಬೆರಳಿಗೆ ಎಳೆ ಎಲ್ಲಿ ದಪ್ಪ, ಎಲ್ಲಿ ತೆಳು ಎಂದು ತಿಳಿಯುತ್ತದೆ. ಅದೇ ಬೆರಳು ಇಲ್ಲಿ ಉಪಯೋಗಕ್ಕೆ ಬಂತು. ದೇವರ ಕೆಲಸಕ್ಕೆ ಕಲಿತದ್ದನ್ನು ಇಂಥದಕ್ಕೆ ಹಚ್ಚಿದೆನಲ್ಲ ಎಂದು ಅಳುಕೂ ಆಗುತ್ತಿತ್ತು. ಯಾರಾದರೂ ಬಂದ ಸಪ್ಪಳವಾದರೆ ಕೀಲಿಯ ಮೇಲೆ ಹತ್ತಿ ಮುಚ್ಚಿ, ಬತ್ತಿ ಹೊಸೆಯುತ್ತ ಕೂಡುತ್ತಿದ್ದೆ.

ಹೆಚ್ಚಾಗಿ ಬರುತ್ತಿದ್ದವಳು ಎದುರು ಮನೆಯಾಕೆ, ನಾನು ವೈನಿ ಎಂದು ಕರೆಯುವವಳು. ಅವಳೂ ನಮ್ಮ ಕಡೆಯವಳೇ. ಮಹಡಿಯಲ್ಲಿ ಕನ್ನಡ ಆಡುತ್ತಿದ್ದವರು ನಾವಿಬ್ಬರೇ ಆದ್ದರಿಂದ ಅಕ್ಕತಂಗಿಯರ ಹಾಗೆ ಆಗಿದ್ದೆವು. ಅವಳು ಮಾತಾಡುವಳು, ನಾನು ಕೇಳುವವಳು. ಅವಳ ಮನೆಯ ಇನ್ನೊಂದು ಕೀಲಿಕೈ ನಮ್ಮ ಅಡುಗೆಮನೆಯ ಮೊಳೆಗೆ ತೂಗುತ್ತಿತ್ತು. ಊರಿಗೆ ಹೋದಾಗ ಅವಳ ತುಳಸಿಗೆ ನೀರು ಹಾಕುವುದು ನನ್ನ ಕೆಲಸ.

ಡಬ್ಬಿಯ ಕೀಲಿಗಳು ಮುಗಿದಾಗ ಭಂಗಾರದವನನ್ನು ಕೇಳಿ ಇನ್ನಷ್ಟು ತಂದೆ. ಅವನು ಕೊಟ್ಟದ್ದರಲ್ಲಿ ಬಾಗಿಲಿನ ಲ್ಯಾಚ್ ಒಂದಿತ್ತು, ಬಾಗಿಲು ಎಳೆದರೆ ತಾನೇ ಕೀಲಿ ಬೀಳುವಂಥದು. ಅದರೊಳಗೆ ಪಟ್ಟಿಯಲ್ಲ, ಸಣ್ಣ ಸಣ್ಣ ಮೊಳೆಗಳು. ತೂತು ಎಷ್ಟು ಇಕ್ಕಟ್ಟು ಎಂದರೆ ಕೊಡೆಯ ಕಡ್ಡಿ ಹೋಗುತ್ತಿರಲಿಲ್ಲ. ಗೋಣಿಚೀಲ ಹೊಲಿಯುವ ದಬ್ಬಣವನ್ನು ತಿಕ್ಕಿ ತಿಕ್ಕಿ ಸಣ್ಣ ಮಾಡಿದೆ. ಅದನ್ನು ತೆಗೆಯಲು ಬರುವ ಹೊತ್ತಿಗೆ ಎರಡು ಸಾವಿರದ ಇಸವಿ ದಾಟಿತ್ತು. ವೈನಿಯ ಬಾಗಿಲಿಗೆ ಇದ್ದದ್ದೂ ಅದೇ ನಮೂನೆಯ ಲ್ಯಾಚ್. ಹಾಲಿಗೆ ಹೋಗುವಾಗ, ಕಸ ಹಾಕಿ ಬರುವಾಗ ನನ್ನ ಕಣ್ಣು ಆ ತೂತಿನ ಮೇಲೆ ಹೋಗುತ್ತಿತ್ತು. ಒಮ್ಮೊಮ್ಮೆ ನಿಂತೇ ಬಿಡುತ್ತಿದ್ದೆ. ಮುಟ್ಟಲಿಲ್ಲ. ಆದರೆ ನಿಂತದ್ದು ನಿಜ.

ಒಂದು ಮುಂಜಾನೆ ವೈನಿ ಬಟ್ಟೆ ಒಣಹಾಕಲು ಹೊರಗೆ ಬಂದಾಗ ಗಾಳಿಗೆ ಬಾಗಿಲು ಬಿತ್ತು. ನನ್ನ ಮನೆಗೆ ಓಡಿ ಬಂದಳು.

"ಅಕ್ಕಾರ, ಬಾಗಲಾ ಹಾಕ್ಕೊಂಡ್ತರೀ. ಒಲಿ ಮ್ಯಾಲ ಹಾಲ ಇಟ್ಟೀನಿ."

ನಾನು ಎದ್ದವಳೇ ಅವಳ ಬಾಗಿಲಿಗೆ ಹೋದೆ. ಟೊಂಕದ ಸಂಚಿಯಲ್ಲಿ ಅಡಿಕೆಯ ಚೂರಿನ ಜೊತೆ ನನ್ನ ತಂತಿಗಳಿದ್ದವು. ಕೂತು ಎರಡನ್ನೂ ತೂತಿಗೆ ಹಾಕಿದೆ. ಅವಳು ಬೆನ್ನ ಹಿಂದೆ ಏನೋ ಅನ್ನುತ್ತಿದ್ದಳು, ನನ್ನ ಕಿವಿಗೆ ಬೀಳಲಿಲ್ಲ. ಅವಳು ಹಾಲಿನ ಚಿಂತೆಯಲ್ಲಿ ಇನ್ನೊಮ್ಮೆ ಕೂಗುವಷ್ಟರಲ್ಲಿ ಬಾಗಿಲು ತೆರೆದಿತ್ತು.

ಅವಳು ಒಳಗೆ ಹೋಗಿ ಒಲೆ ಆರಿಸಿ ಬಂದಳು. ನನ್ನ ಕೈಯನ್ನು ನೋಡಿದಳು.

"ಕೀಲಿಕೈ ನಿಮ್ಮ ಮೊಳಿಗೇ ಇತ್ತಲ್ಲರೀ, ಅಕ್ಕಾರ."

ಇತ್ತು. ಅದನ್ನೇ ಅವಳು ಬೆನ್ನ ಹಿಂದೆ ಹೇಳುತ್ತಿದ್ದದ್ದು. ಬುದ್ಧಿ ಇದ್ದವರು ಯಾರಾದರೂ ಮೊದಲು ಆ ಮೊಳೆಯ ಕಡೆ ಕೈ ಚಾಚುತ್ತಿದ್ದರು. ನನಗೆ ಅದು ನೆನಪೇ ಆಗಲಿಲ್ಲ. ಸಂಚಿ ಕಟ್ಟಿಕೊಂಡು ಮನೆಗೆ ಬಂದುಬಿಟ್ಟೆ.

ಸಂಜೆ ವೈನಿ ಬಂದಳು. ಯಾವಾಗಲೂ ಒಳಗೆ ಬಂದು ಮಣೆ ಎಳೆದುಕೊಂಡು ಕೂಡುವವಳು ಹೊಸ್ತಿಲಲ್ಲೇ ನಿಂತಳು. "ಕೀಲಿಕೈ ಕೊಡ್ರಿ. ನಮ್ಮ ತಮ್ಮ ಬರಾಂವ ಇದ್ದಾನ, ಅವಗ ಬೇಕಾಗ್ತದ." ತಮ್ಮ ಬರಲಿಲ್ಲ. ಆ ವಾರವೇ ಅವಳ ಬಾಗಿಲಿಗೆ ಹೊಸ ಲ್ಯಾಚ್ ಬಂತು. ಅದರ ಮುಂದಿನ ವಾರ ಅವಳು ಊರಿಗೆ ಹೋಗುವಾಗ ಕೀಲಿಕೈಯನ್ನು ಕೆಳಗಿನ ಮನೆಯವರಿಗೆ ಕೊಟ್ಟು ಹೋದಳು.

ಈಗ ಬರೆಯುವುದು ಎಲ್ಲಕ್ಕಿಂತ ನಾಚಿಕೆಯ ಮಾತು. ಇಷ್ಟು ವರ್ಷದ ಒಡನಾಟ ಕೈಬಿಟ್ಟು ಹೋಗುತ್ತಿತ್ತು. ಹಾಗಿದ್ದೂ ಆ ಹೊಸ ಲ್ಯಾಚನ್ನು ಮೊದಲ ಸಲ ನೋಡಿದಾಗ ನನ್ನ ಮನಸ್ಸಿಗೆ ಬಂದದ್ದು ವೈನಿ ಅಲ್ಲ. ಇದರ ತೂತು ಅಂಕುಡೊಂಕಾಗಿದೆಯಲ್ಲ, ತಂತಿ ಹೇಗೆ ಬಾಗಿಸಬೇಕು ಎಂದು ಬಂತು.

ಅವಳು ಊರಿನಿಂದ ಬಂದ ಮೇಲೂ ನಮ್ಮಲ್ಲಿಗೆ ಬರಲಿಲ್ಲ. ಮೆಟ್ಟಿಲ ಮೇಲೆ ಎದುರಾದರೆ ಊಟ ಆಯ್ತೇನ್ರಿ ಎನ್ನುವಳು, ಹೂಂ ಎನ್ನುವೆ. ಕೊನೆಗೆ ಒಂದು ಮಧ್ಯಾಹ್ನ ನಾನೇ ಹೋಗಿ ಅವಳ ಬಾಗಿಲು ಬಡಿದೆ. ಹೇಳಬೇಕಾದದ್ದನ್ನು ಮನೆಯಲ್ಲಿ ಬಾಯಿಪಾಠ ಮಾಡಿಕೊಂಡು ಹೋಗಿದ್ದೆ. ಅವಳ ಮುಖ ನೋಡಿದ ಕೂಡಲೇ ಅದೆಲ್ಲ ಮರೆತುಹೋಯಿತು.

"ನಿಮ್ಮ ಬಾಗಲಾ ನಾ ಒಮ್ಮೆಯೂ ತಗದಿಲ್ಲ, ವೈನಿ. ಆ ದಿನ ಒಂದ ಬಿಟ್ಟು. ನೋಡೀನಿ ಮಾತ್ರ."

"ನೋಡೀನಿ ಅಂದ್ರ?"

"ಕೀಲಿ ತೂತ ನೋಡೀನಿ."

"ಸೀರಿ ನೋಡ್ತಾರ, ಬಂಗಾರ ನೋಡ್ತಾರ. ಕೀಲಿ ತೂತ ಯಾರು ನೋಡ್ತಾರರೀ?"

ಡಬ್ಬಿಯ ವಿಷಯ, ಹತ್ತಿಯ ವಿಷಯ ಹೇಳಿದೆ, ಹಿಂದು ಮುಂದಾಗಿ. ಅವಳು ಕೇಳಿಸಿಕೊಂಡು ಒಳಗೆ ಹೋದಳು. ಬಟಾಣಿಯ ಬುಟ್ಟಿ ತಂದಳು, ಕೀಲಿಕೈ ಟೊಂಕಕ್ಕೆ ಸಿಗಿಸಿಕೊಂಡಳು, ಹೊರಗೆ ಬಂದು ಬಾಗಿಲು ಎಳೆದಳು.

"ಹಂಗಾರ ಇದನ್ನ ತಗೀರಿ. ನನ್ನ ಮುಂದನ ತಗೀರಿ. ಎಷ್ಟು ಹೊತ್ತಿಗೆ ತಗೀತೀರಿ ನೋಡೂಣು."

ಮೆಟ್ಟಿಲ ಮೇಲೆ ಕೂತು ಬಟಾಣಿ ಸುಲಿಯತೊಡಗಿದಳು. ನಾನು ಅವಳ ಬಾಗಿಲ ಮುಂದೆ ಮೊಣಕಾಲೂರಿದೆ. ನಡುಹಗಲು, ಹೋಗಿ ಬರುವವರೆಲ್ಲ ನೋಡುವಂತೆ. ಮೇಲಿನ ಮನೆಯ ಮರಾಠಿ ಹೆಂಗಸು ಇಳಿದು ಬರುತ್ತ ನನ್ನನ್ನು ತೋರಿಸಿ ಕಾಕೂ ಏನು ಮಾಡುತ್ತಿದ್ದಾರೆ ಎಂದು ಕೇಳಿದಳು. ವೈನಿ ಮರಾಠಿಯಲ್ಲೇ, "ಶಾಲೆಗೆ ಹೆಸರು ಹಚ್ಚಿದ್ದಾರೆ, ಪರೀಕ್ಷೆ ನಡೆದಿದೆ" ಎಂದಳು. ನನ್ನ ಕಿವಿ ಬಿಸಿಯಾಯಿತು. ಎದ್ದು ಹೋಗಲಿಲ್ಲ.

ಆ ಲ್ಯಾಚ್ ನನಗೆ ಬಗ್ಗಲಿಲ್ಲ. ಅದರ ಮೊಳೆಗಳು ಕೂತಂತೆ ಮಾಡುತ್ತಿದ್ದವು, ಕೂತಿರುತ್ತಿರಲಿಲ್ಲ. ಇನ್ನೇನು ತಿರುಗಿತು ಅನ್ನುವಲ್ಲಿ ನಿಂತುಬಿಡುವುದು. ಬಿಟ್ಟು ಮತ್ತೆ ಹಿಡಿದೆ. ಸೆರಗಿನಿಂದ ಬೆವರು ಒರೆಸಿಕೊಂಡೆ. ವೈನಿಯ ಬುಟ್ಟಿ ಖಾಲಿಯಾಯಿತು, ಸಿಪ್ಪೆ ಗುಡ್ಡೆಯಾಯಿತು.

"ಇಷ್ಟಽ ಏನ್ರಿ ನಿಮ್ಮ ವಿದ್ಯಾ?" ಎಂದಳು. "ನಾ ಸುಮ್ಮನ ನಿದ್ದಿಗೆಟ್ಟೆ. ಹಿಂಗ ತಗ್ಯಾಕ ಕೂತ್ರ ಕಳ್ಳಗ ಮುಪ್ಪ ಬರ್ತದ."

ನಗತೊಡಗಿದಳು. ನಗುತ್ತಲೇ ನನ್ನನ್ನು ಪಕ್ಕಕ್ಕೆ ಸರಿಸಿ ಬಾಗಿಲು ತೆರೆದಳು, ಒಳಗೆ ಕರೆದು ಚಹಾ ಮಾಡಿದಳು. ನಾನು ಲೋಟ ಕೆಳಗಿಟ್ಟಾಗ ಇನ್ನೊಂದು ಕೀಲಿಕೈ ತಂದು ನನ್ನ ಕೈಯಲ್ಲಿ ಹಾಕಿ, "ತಗೋರಿ, ಕೆಳಗಿನವರು ತುಳಸಿಗೆ ನೀರು ಹೆಚ್ಚು ಹಾಕಿ ಕೊಳಿಸ್ಯಾರ" ಎಂದಳು.

ನಾನು ಸಂತೋಷಪಡಬೇಕಾಗಿತ್ತು. ಕಣ್ಣಲ್ಲಿ ನೀರು ಬರಬೇಕಾಗಿತ್ತು. ನನಗೆ ಮಾತ್ರ, ಕೀಲಿ ತೆಗೆಯಲು ಬರಲಿಲ್ಲವಲ್ಲ, ಅದೂ ಅವಳ ಮುಂದೆ, ಎಂಬುದೇ ಕೊರೆಯುತ್ತಿತ್ತು. ಮನೆಗೆ ಬಂದು ಅಂಗೈ ಬಿಚ್ಚಿ, ಆ ಕೀಲಿಕೈಯ ಹಲ್ಲುಗಳು ಎಲ್ಲಿ ಏರಿವೆ, ಎಲ್ಲಿ ಇಳಿದಿವೆ, ಒಳಗಿನ ಮೊಳೆಗಳನ್ನು ಎಷ್ಟೆಷ್ಟು ಎತ್ತಬೇಕು ಎಂದು ನೋಡುತ್ತ ನಿಂತಿದ್ದೆ. ವೈನಿ ನಂಬಿ ಕೊಟ್ಟದ್ದು ಅದನ್ನು ನೋಡಲಿಕ್ಕಲ್ಲ. ಇದು ಹೊಳೆದ ಕೂಡಲೇ ಅದನ್ನು ಅಡುಗೆಮನೆಯ ಮೊಳೆಗೆ ಸಿಗಿಸಿ ಬೆನ್ನು ತಿರುಗಿಸಿದೆ. ಆಮೇಲೆ ಅದನ್ನು ತುಳಸಿಗೆಂದು ಮಾತ್ರ ಮುಟ್ಟಿದ್ದೇನೆ. ಇಷ್ಟು ಮಾತನ್ನು ವೈನಿಗೂ ಹೇಳಿಲ್ಲ, ನಿಮ್ಮಪ್ಪನಿಗೂ ಹೇಳಿಲ್ಲ.

ಮಕ್ಕಳೇ, ನನ್ನ ಅಕ್ಷರ ಚೆಂದವಿಲ್ಲ, ಆದರೂ ಈ ಹಾಳೆಗಳನ್ನು ರದ್ದಿಗೆ ಹಾಕಬೇಡಿ. ಮಳೆಗಾಲದಲ್ಲಿ ನಮ್ಮ ಗೋಡೆಗೆ ಹಸಿ ಹಿಡಿಯುತ್ತದೆ, ಕಪಾಟಿನ ಮೇಲಿನ ಅರೆಯಲ್ಲಿ ಬಟ್ಟೆಯೊಳಗೆ ಸುತ್ತಿಡಿ. ನೀವು ದೊಡ್ಡವರಾದ ಮೇಲೆ ಇನ್ನೊಮ್ಮೆ ಓದಿ.