ಕರಿಘಟ್ಟ ಹತ್ತಿ ಇಳಿದ ಬ್ಯಾಗು

ಕಳೆದ ಶನಿವಾರ ಬೆನ್ನ ತುಂಬ ಬೆಲ್ಲ ಹೊತ್ತುಕೊಂಡು ಶ್ರೀರಂಗಪಟ್ಟಣದ ಹತ್ತಿರದ ಕರಿಘಟ್ಟದ ಮೆಟ್ಟಿಲು ಹತ್ತಿದೆ. ಹರಕೆಯಲ್ಲ. ದೇವರ ವಿಷಯದಲ್ಲಿ ನಾನು ಎಂಥವನು ಎಂದು ಈ ಅಂಕಣ ಓದುವವರಿಗೆ ಗೊತ್ತೇ ಇದೆ. (ಗೊತ್ತಿಲ್ಲದವರಿಗೆ: ನನಗೆ ನನ್ನ ಮೇಲೆಯೇ ನಂಬಿಕೆ ಕಡಿಮೆ.) ನಾನು ಒಂದು ಬ್ಯಾಗನ್ನು ಟೆಸ್ಟ್ ಮಾಡುತ್ತಿದ್ದೆ, ಅಷ್ಟೆ.

ಬ್ಯಾಗ್ ಟೆಸ್ಟ್ ಮಾಡುವುದಕ್ಕೆ ಬೆಟ್ಟ ಯಾಕೆ? ಕಾರಣ ಬೋರೇಗೌಡ.

ಬೋರೇಗೌಡ ನಾಗಮಂಗಲದಲ್ಲಿ ವಕೀಲ. ಮೈಸೂರಿನಲ್ಲಿ ನಾನು ಎಂ.ಎ., ಅವನು ಲಾ ಓದುವಾಗ ಇಬ್ಬರಿಗೂ ಒಂದೇ ರೂಮು. ರಜೆ ಬಂತೆಂದರೆ ಯಾವುದಾದರೂ ಬೆಟ್ಟ. ಕೊನೆಯ ಸಲ ಕುಮಾರಪರ್ವತ ಇಳಿಯುವಾಗ ಒಂದು ಬ್ಯಾಗಿನ ಪಟ್ಟಿ ಕಿತ್ತುಹೋಯಿತು. ನಮ್ಮಲ್ಲೊಬ್ಬ ಎರಡೂ ಬ್ಯಾಗು ಹೊತ್ತು ಕೆಳಗಿಳಿದ. ಇಲ್ಲಿಯವರೆಗೆ ನಮ್ಮಿಬ್ಬರಿಗೂ ಒಪ್ಪಿಗೆ.

ಹೊತ್ತವನು ಯಾರು? ನಾನು ಎಂದು ನನಗೆ ಸ್ಪಷ್ಟ ನೆನಪು. ತಾನು ಎಂದು ಅವನಿಗೆ. ಮದುವೆ ಮನೆಯಲ್ಲಿ ಸಿಗಲಿ, ಬಸ್ ಸ್ಟ್ಯಾಂಡಿನಲ್ಲಿ ಸಿಗಲಿ, ಐದು ನಿಮಿಷಕ್ಕೆ ಆ ಕೇಸು ಮತ್ತೆ ಓಪನ್. ಅವತ್ತಿನಿಂದ ನನ್ನ ಬಲ ಭುಜ ನೋಯುತ್ತದೆ, ಅದೇ ಸಾಕ್ಷಿ ಎಂದು ವಾದಿಸಿದೆ. ಬೋರೇಗೌಡನಿಗೂ ಬಲ ಭುಜವೇ ನೋಯುತ್ತದಂತೆ. ನೆನಪು ಸುಳ್ಳು ಹೇಳಬಹುದು. ಭುಜವೂ ಹೇಳುತ್ತದೆಯೆ?

ಈ ವರ್ಷ ಮತ್ತೆ ಕುಮಾರಪರ್ವತಕ್ಕೆ ಹೋಗೋಣ ಎಂದು ಕೇಳಿದೆ.

"ನಿನಗೆ ಕೂಲಿ ಆಗಕ್ಕೆ ನಾನ್ ಬರಾಕಿಲ್ಲ ಕಣ್ಲಾ. ಮೊದ್ಲು ಒಳ್ಳೆ ಬ್ಯಾಗ್ ತಗೊ. ಭಾರ ತುಂಬ್ಕಂಡು ಕರಿಘಟ್ಟ ಅತ್ತಿ ಇಳಿ, ನನ್ ಕಣ್ಮುಂದೆ. ಪಟ್ಟಿ ತಡ್ಕಂಡ್ರೆ ಬತ್ತೀನಿ. ಇಲ್ದಿದ್ರೆ ಬೆಟ್ಟದ ಮಾತೇ ಎತ್ಬ್ಯಾಡ."

ಅವನಿಲ್ಲದೆ ನಾನು ಬೆಟ್ಟಕ್ಕೆ ಹೋಗುವುದಿಲ್ಲ. ಬೇರೆಯವರನ್ನು ಕರೆದುಕೊಂಡು ಹೋಗಿ ನೋಡಿದ್ದೇನೆ. ಅರ್ಧ ದಾರಿಯಲ್ಲಿ ಷೇರಿನ ಮಾತು ತೆಗೆಯುತ್ತಾರೆ.

ಹಾಗಾಗಿ ಬ್ಯಾಗು. ಮೊದಲು ಮೈಸೂರಿನ ಒಂದು ಅಂಗಡಿಗೆ ಹೋದೆ. ನೀಲಿ ಬಣ್ಣ, ಎಲ್ಲೆಲ್ಲೂ ಜಿಪ್ಪು, ಪ್ರತಿ ಜಿಪ್ಪಿನ ಹಿಂದೆ ಒಂದು ಜೇಬು, ಆ ಜೇಬಿನೊಳಗೆ ಇನ್ನೊಂದು ಜಿಪ್ಪು. ಎಳೆದು ನೋಡಿದೆ. ಕೈಗೆ ಬಂತು.

"ಅಷ್ಟು ಜೋರಾಗಿ ಎಳೀಬಾರ್ದು ಸಾರ್," ಎಂದ ಅಂಗಡಿಯವನು. ಬೆಟ್ಟಕ್ಕೂ ಈ ಸೂಚನೆ ಕೊಟ್ಟು ಕಳಿಸುತ್ತಾರೇನೋ.

ಆಮೇಲೆ ಹೋದದ್ದು ಶ್ರೀರಂಗಪಟ್ಟಣದ ನಮ್ಮ ರಫೀಕ್ ಸಾಬರ ಹತ್ತಿರ. ಬಸ್ಸಿನ ಸೀಟು, ಲಾರಿಯ ಟಾರ್ಪಾಲು ಹೊಲಿಯುವವರು. ಬೆನ್ನಿಗೆ ಹಾಕುವ ಬ್ಯಾಗು ಬೇಕು ಎಂದೆ.

"ಎಷ್ಟು ಜನ ಕೂರ್ತಾರೆ ಸಾರ್?"

ಕೂರುವುದಿಲ್ಲ, ನಾನು ಹೊರುತ್ತೇನೆ ಎಂದು ವಿವರಿಸಿದೆ. ಅವರಿಗೆ ಸ್ವಲ್ಪ ನಿರಾಸೆಯಾಯಿತು. ಆದರೂ ದಪ್ಪ ಕ್ಯಾನ್ವಾಸಿನಲ್ಲಿ ಹೊಲಿದುಕೊಟ್ಟರು. ಮಂಚಕ್ಕೆ ಹೆಣೆಯುವ ಅಗಲ ನವಾರದ ಪಟ್ಟಿ. ಪಟ್ಟಿ ಬ್ಯಾಗಿಗೆ ಸೇರುವ ಕಡೆ ಚೌಕ ಹೊಲಿಗೆ, ಅದರೊಳಗೆ ಅಡ್ಡಡ್ಡ ಇನ್ನೊಂದು. ಜಿಪ್ಪೇ ಇಲ್ಲ, ಬಾಯಿಗೆ ಹಗ್ಗ. ಬೆನ್ನಿಗೆ ತಾಗುವ ಕಡೆ ಬಸ್ ಸೀಟಿನ ಸ್ಪಂಜು. (ಬ್ಯಾಗು ಕೊಳ್ಳುವವರು ಪಟ್ಟಿಯ ಬುಡ ನೋಡಿ, ಜೇಬು ಎಣಿಸಬೇಡಿ. ಇದೊಂದು ಮಾತು ಮಾತ್ರ ನಾನು ಖಚಿತವಾಗಿ ಹೇಳಬಲ್ಲೆ.)

"ಗ್ಯಾರಂಟಿ ಇದೆಯಾ?"

"ಫಿಕರ್ ಬೇಡ ಸಾರ್. ನೀವು ಹೋದ್ರೂ ಬ್ಯಾಗ್ ಇರ್ತದೆ."

ಒಳಗೆ ಏನು ತುಂಬುವುದು? ಕಲ್ಲು ಬೆನ್ನಿಗೆ ಚುಚ್ಚುತ್ತದೆ, ನೋಡಿದವರು ತಲೆ ಕೆಟ್ಟಿದೆ ಎನ್ನುತ್ತಾರೆ. ಪಾಂಡವಪುರದ ಹತ್ತಿರ ನಮ್ಮ ಭಾವನದು ಆಲೆಮನೆ ಇದೆ. ಅಚ್ಚುಬೆಲ್ಲ ತಂದು ಒತ್ತೊತ್ತಾಗಿ ಜೋಡಿಸಿದೆ. ಬೆಲ್ಲ ಹೊತ್ತವನನ್ನು ಯಾರು ಏನು ಕೇಳುತ್ತಾರೆ?

ಎಲ್ಲರೂ ಕೇಳಿದರು. ಶನಿವಾರ, ದೇವಸ್ಥಾನವಿರುವ ಬೆಟ್ಟ, ಬೆನ್ನ ಮೇಲೆ ಬೆಲ್ಲ. ನಮ್ಮ ಕಡೆ ಇದಕ್ಕೆ ಒಂದೇ ಅರ್ಥ. ಎಂ.ಎ. ಮಾಡಿದವನಿಗೆ ಅದು ಹೊಳೆಯಲಿಲ್ಲ. ಹಿಂದೆ ಕೈಬೀಸಿಕೊಂಡು ಬರುತ್ತಿದ್ದ ವಕೀಲನಿಗೆ ಹೊಳೆದಿತ್ತೇನೋ, ಹೇಳಲಿಲ್ಲ.

ಸುಧಾರಿಸಿಕೊಳ್ಳಲು ಬ್ಯಾಗು ಇಳಿಸಿ ಬಾಯಿ ಸಡಿಲಿಸಿದಾಗ ಪಕ್ಕದಲ್ಲಿ ಕೂತಿದ್ದ ಅಜ್ಜಿಯೊಬ್ಬಳು ಇಣುಕಿ ನೋಡಿದಳು. ಅವಳ ಮಗ್ಗುಲಲ್ಲಿ ಒಂದು ದೊಡ್ಡ ಹಿತ್ತಾಳೆ ತಪ್ಪಲೆ.

"ಏನಪ್ಪ ಅರಕೆ?"

"ಹರಕೆ ಅಲ್ಲಮ್ಮ. ಬ್ಯಾಗು ಗಟ್ಟಿ ಇದೆಯಾ ಅಂತ ನೋಡ್ತಿದೀನಿ."

"ಅರಕೆ ಯೋಳ್ಬಾರ್ದು ಅಂತಲಾ? ಬುಡಪ್ಪ, ಬುಡು. ನಾನ್ ಕೇಳಾಕಿಲ್ಲ."

ಕೇಳಲಿಲ್ಲ. ಮೇಲೆ ಹೋಗಿ ಎಲ್ಲರಿಗೂ ಹೇಳಿದಳು. ನಾವು ತಲುಪುವ ಹೊತ್ತಿಗೆ ತಪ್ಪಲೆಗೆ ನೀರು ಬಿದ್ದಿತ್ತು, ಯಾರೋ ನಿಂಬೆಹಣ್ಣು ಹಿಂಡುತ್ತಿದ್ದರು. ಹರಕೆಯ ಬೆಲ್ಲವನ್ನು ವಾಪಸು ಒಯ್ಯುವಂತಿಲ್ಲ. ಪಾನಕವಾಗಬೇಕು, ಉಳಿದದ್ದು ಹಂಚಬೇಕು. ಇದು ಹರಕೆಯಲ್ಲ ಎಂದು ಅಷ್ಟು ಬಾಯಾರಿದ ಜನರ ಮುಂದೆ ಭಾಷಣ ಮಾಡಲೆ? ಹಂಚಿದೆ. ಬೋರೇಗೌಡ ಎರಡು ಲೋಟ ಕುಡಿದು ಬಾಯಿ ಒರೆಸಿಕೊಂಡ.

"ಅತ್ತಿದ್ದಾಯ್ತು. ಅವತ್ತು ಪಟ್ಟಿ ಕಿತ್ತೋಗಿದ್ದು ಇಳಿಯೋವಾಗ. ಈಗ ಬ್ಯಾಗ್ ಖಾಲಿ. ಟೆಸ್ಟು ಫೇಲು, ನಾನ್ ಬರಾಕಿಲ್ಲ."

ಕುಡಿದ ಪಾನಕ ಇನ್ನೂ ಅವನ ಮೀಸೆಯ ಮೇಲಿತ್ತು. ಗೆಳೆತನವೆಂದರೆ ಇದು.

ಅಷ್ಟರಲ್ಲಿ ಅಜ್ಜಿ ಬಂದಳು. "ಎಂಗೂ ಚೀಲ ಖಾಲಿ ಅಲ್ವೇನಪ್ಪ? ಈ ತಪ್ಪಲೆ ಇಳಿಸ್ಕೊಡು, ನನ್ ಸೊಂಟ ಬುದ್ದೋಗದೆ." ತಪ್ಪಲೆ ಹೋಯಿತು. ತಪ್ಪಲೆಯೊಳಗೆ ಅವಳ ತೆಂಗಿನಕಾಯಿ ಹೋಳು. ಇದನ್ನು ನೋಡಿದ ಉಳಿದವರೂ ತಮ್ಮ ತಮ್ಮ ಗಂಟು ತಂದರು. ಹರಕೆ ಹೊತ್ತವನು ಇಲ್ಲ ಅನ್ನುತ್ತಾನೆಯೆ? ಹತ್ತುವಾಗಿನದಕ್ಕಿಂತ ಭಾರವಾಯಿತು.

ಇಳಿದೆವು. ಪ್ರತಿ ಮೆಟ್ಟಿಲಿಗೂ ತಪ್ಪಲೆಯ ಕಂಠ ಬೆನ್ನಿಗೆ ಬಡಿಯಿತು. ಮಧ್ಯೆ ಬೋರೇಗೌಡ, "ತತ್ತಾ ಇಲ್ಲಿ, ಪಟ್ಟಿ ಎಂಗದೆ ನೋಡವ," ಎಂದು ತಾನು ಹಾಕಿಕೊಂಡ. ಸ್ವಲ್ಪ ದೂರ. ಅಥವಾ ಸುಮಾರು ದೂರ. ಕೆಳಗೆ ಬಂದು ಪಟ್ಟಿಯ ಬುಡ ನೋಡಿದರೆ ಒಂದು ನೂಲೂ ಎದ್ದಿರಲಿಲ್ಲ.

"ಅರ್ಧಕ್ಕಿಂತ ಜಾಸ್ತಿ ಒತ್ತಿದ್ದು ನಾನೇ," ಎಂದ ಬೋರೇಗೌಡ.

"ನಾನು."

"ಅಜ್ಜಿನೇ ಕೇಳವ. ಕಣ್ಣಾರೆ ಕಂಡವ್ಳೆ." ವಕೀಲನಲ್ಲವೆ, ಅವಳನ್ನು ನಿಲ್ಲಿಸಿಯೇ ಬಿಟ್ಟ. "ಅವ್ವಾ, ಇಳಿಸ್ಕಂಡ್ ಬಂದಿದ್ದು ಯಾರು? ನಾನಾ, ಇವ್ನಾ?"

ಅಜ್ಜಿ ತಪ್ಪಲೆ ತೆಗೆದು, ತಿರುಗಿಸಿ, ಎಲ್ಲಾದರೂ ನೆಗ್ಗಿದೆಯೇ ಎಂದು ನೋಡಿದಳು. "ಯಾರ್ ಒತ್ರೇನ್ರಪ್ಪ? ತಪ್ಪಲೆ ಬಂತಲ್ಲ," ಎಂದು ಹೊರಟಳು.

ಆಟೋದಲ್ಲಿ ಪೇಟೆ ಮುಟ್ಟಿದೆವು. ಬೋರೇಗೌಡ ಬಲ ಭುಜ ಉಜ್ಜಿಕೊಳ್ಳುತ್ತ, "ಬತ್ತೀನಿ ಕಣ್ಲಾ. ಆದ್ರೆ ನನಗೂ ಇಂತದೇ ಒಂದು ಒಲಿಸ್ಬುಡು. ಅವರವರದ್ದು ಅವರವರು ಒತ್ಕಳವ," ಎಂದ.

ರಫೀಕ್ ಸಾಬರಿಗೆ ಆರ್ಡರ್ ಕೊಟ್ಟಾಗಿದೆ. ಎರಡೂ ಬ್ಯಾಗು ಗಟ್ಟಿ, ಗ್ಯಾರಂಟಿ.

ಎರಡರ ಪಟ್ಟಿಯೂ ಕಿತ್ತುಹೋಗದಿದ್ದರೆ, ಮುಂದೆ ಮದುವೆ ಮನೆಗಳಲ್ಲಿ ಸಿಕ್ಕಾಗ ನಾವಿಬ್ಬರೂ ಮಾತಾಡುವುದಾದರೂ ಏನು?