ಮೊಣಕಾಲು ಮೇಸ್ತ್ರಿಯ ಬಾಗಿಲು

ನಮ್ಮ ಯಜಮಾನರನ್ನು ಕಾರಿನ ಕಾರ್ಖಾನೆಯಲ್ಲಿ ಮೊಣಕಾಲು ಮೇಸ್ತ್ರಿ ಅಂತ ಕರೆಯುತ್ತಿದ್ದರು. ಮೊದಲು ಮರ್ಯಾದೆಗೆ ಇಟ್ಟ ಹೆಸರು ಅದು. ಆಮೇಲೆ ಅದೇ ಹೆಸರು ಹಿಡಿದುಕೊಂಡು ಆಡಿಕೊಂಡರು. ಎರಡನ್ನೂ ನಾನು ಕಂಡಿದ್ದೇನೆ.

ಆಗ ಕಾರ್ಖಾನೆ ಪೂರ್ತಿ ನಮ್ಮ ದೇಶದವರದೇ. ಇಪ್ಪತ್ತು ವರ್ಷ ಒಂದೇ ಕಾರು, ಅದೇ ಮೂತಿ. ತಗಡು ಒತ್ತುವ ಯಂತ್ರ ಮುದಿಯಾಗಿತ್ತು, ಅದರಿಂದ ಬಂದ ಬಾಗಿಲು ಒಂದೂ ನೆಟ್ಟಗಿರುತ್ತಿರಲಿಲ್ಲ. ಒಂದು ಮೇಲೆ ಬಿಗಿ, ಇನ್ನೊಂದು ಕೆಳಗೆ ಸಡಿಲ. ಅವನ್ನು ಕಾರಿಗೆ ಕೂರಿಸುವುದು ಇವರ ಕೆಲಸ. ಬಾಗಿಲು ಅರ್ಧ ತೆರೆದು, ಸಂದಿಗೆ ಮರದ ತುಂಡು ಕೊಟ್ಟು, ಕೆಳಗೆ ಮೊಣಕಾಲು ಒತ್ತಿ, ಮೇಲಿನ ಅಂಚನ್ನು ಎರಡು ಕೈಯಲ್ಲಿ ಹಿಡಿದು ಒಂದು ಸಲ ಜಗ್ಗಿದರೆ ಮುಗಿಯಿತು. ಆಮೇಲೆ ಮುಚ್ಚಿ ಕಿವಿಗೊಡುತ್ತಿದ್ದರು. ಠಪ್ ಅಂದರೆ ಸರಿ, ಠಣ್ ಅಂದರೆ ಇನ್ನೊಂದು ಜಗ್ಗು. ಅವರ ಬಲ ಮೊಣಕಾಲು ಕಪ್ಪಗೆ ಜಡ್ಡುಗಟ್ಟಿತ್ತು. ಮನೆಯಲ್ಲಿ ಕಾಲು ಚಾಚಿ ಕೂತಾಗ ಅದನ್ನು ಸವರಿಕೊಳ್ಳುತ್ತಿದ್ದರು, ಬೇರೆಯವರು ಮೀಸೆ ಸವರಿಕೊಂಡ ಹಾಗೆ.

ಆ ಕಾರ್ಖಾನೆಯಲ್ಲಿ ದೊಡ್ಡ ಅಪರಾಧ ಅಂದರೆ ಒಂದೇ. ಜೋಡಿಸುತ್ತಾ ಮುಂದೆ ಸಾಗುವ ಕಾರುಗಳ ಸಾಲು ನಿಲ್ಲಿಸುವುದು. ವಯಸ್ಸಿನಲ್ಲಿದ್ದಾಗ ಇವರು ಒಮ್ಮೆ ನಿಲ್ಲಿಸಿದ್ದರು. ಪಕ್ಕದವನ ಅಂಗಿ ತೋಳು ಸಾಲು ಎಳೆಯುವ ಪಟ್ಟಿಗೆ ಸಿಕ್ಕಿಕೊಂಡಿತ್ತು, ಕೈ ಹೋಗುತ್ತಿತ್ತು, ಅದಕ್ಕೆ. ಕೈ ಉಳಿಯಿತು. ಮ್ಯಾನೇಜರು ಇವರನ್ನು ಮೂರು ದಿನ ಗೇಟಿನ ಹೊರಗೆ ಬಿಸಿಲಲ್ಲಿ ನಿಲ್ಲಿಸಿದ. ಒಳಗೆ ಬಿಡಲಿಲ್ಲ, ಮನೆಗೂ ಕಳಿಸಲಿಲ್ಲ. ಕೈ ಉಳಿಸಿಕೊಂಡವನೇ ಗೇಟು ದಾಟುವಾಗ ಮುಖ ಆ ಕಡೆ ತಿರುಗಿಸಿಕೊಂಡು ಹೋದನಂತೆ.

ನನ್ನ ತಮ್ಮನನ್ನು ಅಲ್ಲಿಗೆ ಸೇರಿಸಿದ್ದೂ ಇವರೇ. ನಾನೇ ಕಾಡಿ ಬೇಡಿ ಸೇರಿಸಿದೆ. ಕೈಹಿಡಿದು ಕೆಲಸ ಕಲಿಸಿದರು. ಅವನಿಗೆ ಕೆಲಸಕ್ಕಿಂತ ಬಾಯಿ ಬೇಗ ಬಂತು.

"ಭಾವ, ನಿಮ್ಮ ಮೊಣಕಾಲು ಕಂಪನಿ ಆಸ್ತಿ. ಮನೆಗೆ ಯಾಕೆ ತರ್ತೀರಿ? ಅಲ್ಲೇ ಬೀಗ ಹಾಕಿಟ್ಟು ಬನ್ನಿ" ಅನ್ನುತ್ತಿದ್ದ. ಇವರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

ಆಮೇಲೆ ಪರದೇಶದ ಕಂಪನಿ ಬಂತು. ಅರ್ಧ ಅವರದು, ಅರ್ಧ ನಮ್ಮವರದು ಅಂತ ಒಪ್ಪಂದವಾಯಿತು. ಬೋರ್ಡಿನ ಮೇಲೆ ಎರಡು ಹೆಸರು ಬಂದವು. ಹೊಸ ಯಂತ್ರ, ಹೊಸ ಕಾರು, ಬಾಗಿಲುಗಳು ಅಳೆದಿಟ್ಟಂತೆ ನೆಟ್ಟಗೆ ಬರತೊಡಗಿದವು. ತಮ್ಮ ಅವರ ಭಾಷೆ ನಾಲ್ಕು ಮಾತು ಕಲಿತ. ಆರು ತಿಂಗಳು ಅವರ ದೇಶಕ್ಕೆ ಹೋಗಿ ಬಂದ. ಬಂದವನು ಇವರು ಇದ್ದ ಸಾಲಿಗೇ ಸೂಪರ್‌ವೈಸರ್ ಆದ.

ಹಳಬರಿಗೆಲ್ಲ ಮೂರು ತಿಂಗಳ ಪರೀಕ್ಷೆ ಇಟ್ಟರು. ಗೆದ್ದವರು ಸಾಲಿನಲ್ಲಿ ಉಳಿಯುತ್ತಾರೆ. ಸೋತವರು ಹಿಂದಿನ ಅಂಗಳದಲ್ಲಿ ಸಾಮಾನು ಬಂದ ಮರದ ಪೆಟ್ಟಿಗೆ ಒಡೆದು ಮೊಳೆ ಕೀಳಬೇಕು. ಇವರಿಗೆ ಬಾಗಿಲು ಬಿಟ್ಟು ಬೇರೆ ಪ್ರಪಂಚವೇ ಇರಲಿಲ್ಲ. ಊಟದ ಮುಂದೆ ಕೂತು ಮೊಳೆಯ ಮಾತೇ ಆಡುತ್ತಿದ್ದರು.

ಹೊಸಬರ ನಿಯಮ ತಿರುಗುಮುರುಗು. ಪ್ರತಿಯೊಬ್ಬನ ತಲೆಯ ಮೇಲೂ ಒಂದು ಹಗ್ಗ. ತಪ್ಪು ಕಂಡರೆ ಮುಟ್ಟಬಾರದು, ಸರಿಮಾಡಬಾರದು, ಹಗ್ಗ ಎಳೆಯಬೇಕು. ಸಾಲು ಪೂರ್ತಿ ನಿಲ್ಲುತ್ತದೆ, ತಪ್ಪು ಎಲ್ಲಿ ಹುಟ್ಟಿತು ಅಂತ ಅವರು ಬಂದು ನೋಡುತ್ತಾರೆ.

"ಕೈ ಮೇಲಕ್ಕೆ ಹೋಗಲ್ಲ ಕಣೇ" ಅಂದರು ಇವರು.

"ಎಳೀರಿ ಅತ್ಲಾಗೆ. ನಿಮ್ಮಪ್ಪನ ಮನೆ ಗಂಟೇನು ಹೋಗುತ್ತೆ?"

ಅಡುಗೆಮನೆಯಲ್ಲಿ ಬಟ್ಟೆ ಹಗ್ಗ ಇಳಿಬಿಟ್ಟು ಅಭ್ಯಾಸ ಮಾಡಿಸಿದೆ. ನಾನು ಮುಚ್ಚಳ ಬಡಿದು "ತಪ್ಪು ಬಂತು, ಎಳೀರಿ!" ಅನ್ನುವುದು, ಇವರು ಕೈ ಎತ್ತುವುದು. ಬೆರಳು ಹಗ್ಗಕ್ಕೆ ತಾಗುವ ಹೊತ್ತಿಗೆ, ಹಲ್ಲಿ ಮುಟ್ಟಿದವರ ಹಾಗೆ ಕೈ ಹಿಂದೆ ಬರುತ್ತಿತ್ತು. ಎಷ್ಟೋ ದಿನದ ಮೇಲೆ ಎಳೆಯುವುದು ಬಂತು. ಅಡುಗೆಮನೆಯಲ್ಲಿ ಮಾತ್ರ ಅಂತ ನನಗೆ ಗೊತ್ತಿರಲಿಲ್ಲ.

ಪರೀಕ್ಷೆಯ ಕೊನೆಯ ದಿನ ಮನೆಗೆ ಬಂದವರು ಚಪ್ಪಲಿ ಬಿಡುವ ಮೊದಲೇ ಶುರು ಮಾಡಿದರು.

"ಗೆದ್ದೆ ಕಣೇ! ಇವತ್ತು ಹೊಸ ಯಂತ್ರ ಕೈಕೊಟ್ಟಿತ್ತು. ಒಂದು ಬಾಗಿಲು ಠಣ್ ಅಂತು. ಪರದೇಶದ ಇಂಜಿನಿಯರು ನನ್ನ ಬೆನ್ನ ಹಿಂದೇನೇ ಇದ್ದ, ನಿನ್ನ ತಮ್ಮನೂ ಇದ್ದ. ಕೊಟ್ಟೆ ನೋಡು ಮೊಣಕಾಲು! ಸರಿಹೋಯ್ತು. ಆಮೇಲೆ ಇನ್ನೊಂದು, ಇನ್ನೊಂದು. ಹನ್ನೊಂದು ಬಾಗಿಲು. ಅವನು ಕಣ್ಣು ಮಿಟುಕಿಸದೆ ನೋಡ್ತಿದ್ದ, ಪುಸ್ತಕದಲ್ಲಿ ಬರ್ಕೊಂಡ."

"ಹಗ್ಗ?"

"ಹಗ್ಗ ಯಾಕೆ? ಸಾಲು ಒಂದು ಚಣ ನಿಲ್ಲಲಿಲ್ಲ!"

ಅವರ ಮುಖ ನೋಡಿ, ಕಾಲು ತೊಳೆಯಲು ನೀರು ತಂದುಕೊಟ್ಟೆ.

ನಡೆದದ್ದು ಏನು ಅಂತ ತಮ್ಮ ಆಮೇಲೆ ನಮ್ಮ ಮನೆಯಲ್ಲೇ ಕೂತು, ನಾನು ಕೊಟ್ಟ ಕಾಫಿ ಕುಡಿಯುತ್ತಾ ಹೇಳಿದ. ಮೊದಲ ಬಾಗಿಲಿಗೇ ತಡೆಯಲು ಹೋಗಿದ್ದನಂತೆ. ಇಂಜಿನಿಯರು ಬೆರಳು ತುಟಿಗಿಟ್ಟು, ಬಿಡು, ಎಷ್ಟು ಮಾಡುತ್ತಾನೋ ನೋಡೋಣ ಅಂದನಂತೆ.

"ಒಂದು ಸಲ ಕೆಮ್ಮಬಾರದಿತ್ತೇನೋ?" ಅಂದೆ.

"ಕೆಮ್ಮಿದ್ರೆ ನನ್ನ ಬುಡಕ್ಕೆ ಬರ್ತಿತ್ತು ಅಕ್ಕಾ. ಹನ್ನೊಂದಕ್ಕೆ ಇಂಜಿನಿಯರೇ ಸಾಕು ಅಂದ್ರು. ಭಾವ ತಿರುಗಿ ನೋಡಿ ಕೈಮುಗಿದ್ರು ಬೇರೆ. ಹೊಗಳ್ತಿದ್ದಾರೆ ಅಂದ್ಕೊಂಡಿದ್ರು!" ಅವನಿಗೆ ನಗು ತಡೆಯಲಾಗಲಿಲ್ಲ, ಕಾಫಿ ಮೂಗಿಗೆ ಹತ್ತಿತು.

ಪರೀಕ್ಷೆಯ ಮಾರನೇ ದಿನ ಇವರು ಒಗೆದ ಅಂಗಿ ತೊಟ್ಟು ಹೋಗಿದ್ದರು. ಹೊಸಬರಿಗೆ ಕೆಲಸ ಕಲಿಸುವ ಕೋಣೆಯ ಗೋಡೆಗೆ ಆ ಹನ್ನೊಂದನೇ ಬಾಗಿಲು ನೇತುಹಾಕಿದ್ದರು. ಮೊಣಕಾಲು ಒತ್ತಿ ಬಿದ್ದ ತಗ್ಗಿನ ಸುತ್ತ ಕೆಂಪು ಬಣ್ಣದಲ್ಲಿ ಗೆರೆ. ಕೆಳಗೆ ದಪ್ಪ ಅಕ್ಷರದಲ್ಲಿ, ಹೀಗೆ ಮಾಡಬೇಡಿ.

ಅಂಗಳಕ್ಕೆ ಕಳಿಸಲಿಲ್ಲ. ಅದು ತಮ್ಮನ ಉಪಕಾರ. ಪ್ರತಿ ಸೋಮವಾರ ಹೊಸ ತಂಡ ಬಂದಾಗ ಭಾವನೇ ಆ ಬಾಗಿಲ ಮುಂದೆ ನಿಂತು, ಮಾಡಿದ್ದನ್ನು ಮಾಡಿ ತೋರಿಸಲಿ, ಆಮೇಲೆ ತಪ್ಪಾಯಿತು ಅಂತ ಹಗ್ಗ ಎಳೆದು ತೋರಿಸಲಿ ಅಂತ ಅವನೇ ಸಲಹೆ ಕೊಟ್ಟನಂತೆ. ಇಂಜಿನಿಯರಿಗೆ ಬಹಳ ಹಿಡಿಸಿತು.

"ಸಾಲಲ್ಲಿ ಇಲ್ಲದಿದ್ರೂ ಬಾಗಿಲ ಹತ್ರಾನೇ ಇಟ್ಟಿದ್ದೀನಲ್ಲ ಅಕ್ಕಾ" ಅಂದ. ಅವನಿಗೆ ಇನ್ನೊಂದು ಲೋಟ ಕಾಫಿ ಕೊಟ್ಟೆ. ಬೇರೇನು ಮಾಡಲಿ?

ನಾಲ್ಕು ವರ್ಷ ಹೀಗೇ ನಡೆಯಿತು. ಐದನೇ ವರ್ಷ, ಒಪ್ಪಂದದ ವಾರ್ಷಿಕೋತ್ಸವಕ್ಕೆ ಕೆಲಸಗಾರರ ಮನೆಯವರನ್ನೆಲ್ಲ ಕರೆದರು. ಸಾಲುಸಾಲು ಕುರ್ಚಿ ಹಾಕಿದ್ದರು. ತಮ್ಮ ಮೈಕು ಹಿಡಿದು "ಈಗ ನಮ್ಮ ಮೊಣಕಾಲು ಮೇಸ್ತ್ರಿ!" ಅಂದ. ಇವರು ಬಂದರು. ಮೊಣಕಾಲು ಕೊಟ್ಟರು, ಜಗ್ಗಿದರು, ಕಿವಿ ಆನಿಸಿದರು, ಹಗ್ಗ ನೋಡಿ ಬೆಚ್ಚಿದರು, ತಲೆ ಚಚ್ಚಿಕೊಂಡರು. ಜನ ಬಿದ್ದು ಬಿದ್ದು ನಕ್ಕರು. ನನ್ನ ಪಕ್ಕ ಕೂತಿದ್ದ ಮ್ಯಾನೇಜರ ಹೆಂಡತಿ ನನ್ನ ತೊಡೆ ತಟ್ಟಿ ತಟ್ಟಿ ನಕ್ಕಳು. ನಾನೂ ನಕ್ಕೆ. ಅವಳಿಗಾಗಿ ಅಂತ ಶುರುವಾದ ನಗು, ಆಮೇಲೆ ನನ್ನದೇ ಆಯಿತು. ಕಣ್ಣಲ್ಲಿ ನೀರು ಬರುವ ತನಕ ನಕ್ಕೆ. ಅದೇ ಹೊತ್ತಿಗೆ ಅವರು ನನ್ನ ಕಡೆ ನೋಡಿದರು.

ಮನೆಗೆ ಬಂದು ಅಂಗಿ ಗೂಟಕ್ಕೆ ಹಾಕುತ್ತಾ ಕೇಳಿದರು, "ಚೆನ್ನಾಗಿತ್ತಾ?"

"ಎಲ್ಲಾರೂ ನಗ್ತಿದ್ರು."

"ನಿಂದು ಬೇರೆಯಾಗಿ ಕೇಳಿಸ್ತು."

ನಾನು ಒಲೆಯ ಕಡೆ ತಿರುಗಿದೆ.

"ನಿನ್ನ ತಮ್ಮ ಹೇಳಿದ, ಸೋಮವಾರದಿಂದ ಸ್ವಲ್ಪ ಕುಂಟ್ಕೊಂಡು ಬರ್ಬೇಕಂತೆ. ಇನ್ನೂ ಚೆನ್ನಾಗಿರುತ್ತಂತೆ."

"ಕುಂಟ್ತೀರಾ?"

"ಮತ್ತೆ? ಮೊಳೆ ಕೀಳೋಕೆ ಹೋಗ್ಲಾ?"

ಹೊಸ್ತಿಲಿನಿಂದ ನೀರಿನ ತೊಟ್ಟಿಯವರೆಗೆ ಕುಂಟಿಕೊಂಡು ಹೋದರು. ಅಲ್ಲಿಂದ ತಿರುಗಿ ಬಂದರು. "ಸರಿಯಿದೆಯಾ?" ಅಂತ ಕೇಳಿದರು.

"ಎಡಗಾಲಲ್ಲಿ ಅಲ್ಲ ರೀ" ಅಂದೆ. "ಬಲಗಾಲಲ್ಲಿ ಕುಂಟಿ."